ಮಂಕಾಗಿದ್ದು ಸಿನಿಮಾವೋ, ಟಾಕೀಸಿನ ಪರದೆಯೋ?

ಪ್ರಶ್ನೆ: ತಿಂಗಳಿಗೆ ಎರಡು ಮೂರು ಸಿನಿಮಾ ನೋಡುತ್ತೇನೆ. ನೋಡಿ ಬಂದ ಮೇಲೆ ಸ್ನೇಹಿತರ ಗುಂಪಿನಲ್ಲಿ ನಾಲ್ಕು ಸಾಲು ಅಭಿಪ್ರಾಯ ಹಾಕುವುದು ರೂಢಿ. ಈಚೆಗೆ ನಮ್ಮ ತಾಲ್ಲೂಕಿನ ಟಾಕೀಸಿನಲ್ಲಿ ಒಂದು ಕನ್ನಡ ಥ್ರಿಲ್ಲರ್ ನೋಡಿದೆ. ರಾತ್ರಿ ದೃಶ್ಯಗಳಲ್ಲಿ ಮುಖವೇ ಕಾಣಲಿಲ್ಲ, ಅರ್ಧ ಮಾತು ತಿಳಿಯಲಿಲ್ಲ, ಸೆಕೆಂಡ್ ಹಾಫ್ ಎಳೆದಂತಾಯಿತು. ‘ಕ್ಯಾಮೆರಾ ಕಳಪೆ, ಸೌಂಡ್ ಕಳಪೆ, ಲ್ಯಾಗ್’ ಎಂದು ಬರೆದೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ಅದನ್ನೇ ಮಲ್ಟಿಪ್ಲೆಕ್ಸಿನಲ್ಲಿ ನೋಡಿ ಕ್ಯಾಮೆರಾ ಕೆಲಸವನ್ನೇ ಹೊಗಳಿದರು. ಆಮೇಲೆ ಒಟಿಟಿಯಲ್ಲಿ ಬಂದಾಗ ಮನೆಯ ಟಿವಿಯಲ್ಲಿ ನೋಡಿದರೆ ನನಗೆ ಮೂರನೆಯದೇ ಸಿನಿಮಾ ನೋಡಿದ ಹಾಗಾಯಿತು. ಯಾವ ಅಭಿಪ್ರಾಯ ಸರಿ? ನಮ್ಮಂಥ ಸಾಮಾನ್ಯ ಪ್ರೇಕ್ಷಕರು ಸಿನಿಮಾದ ತಪ್ಪನ್ನು ಟಾಕೀಸಿನ ತಪ್ಪಿನಿಂದ ಬೇರೆ ಮಾಡುವುದು ಹೇಗೆ?

ಉತ್ತರ: ನೀವು ಕಂಡದ್ದು ಸುಳ್ಳಲ್ಲ. ಮುಖ ಕಾಣಲಿಲ್ಲ ಎಂದರೆ ಕಾಣಲಿಲ್ಲ ಅಷ್ಟೇ, ಅದಕ್ಕೆ ಯಾವ ತಜ್ಞರ ಒಪ್ಪಿಗೆಯೂ ಬೇಡ. ಆದರೆ ನಿಮ್ಮ ಮೂರು ದೂರುಗಳಲ್ಲಿ ಮೊದಲೆರಡು ಬಹುಮಟ್ಟಿಗೆ ಟಾಕೀಸಿನ ಲೆಕ್ಕಕ್ಕೆ ಹೋಗಬೇಕಾದವು ಎಂದು ತೋರುತ್ತದೆ. ಮೂರನೆಯದು ಸಿನಿಮಾದ್ದೇ ಇರಬಹುದು, ಅದನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಒಬ್ಬ ಛಾಯಾಗ್ರಾಹಕ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಂದು ಹಳೆಯ ದೀಪ ಎರಡೂವರೆ ಗಂಟೆಯಲ್ಲಿ ಹಾಳು ಮಾಡಬಲ್ಲದು. ಬೈಗುಳ ಮಾತ್ರ ಛಾಯಾಗ್ರಾಹಕನಿಗೇ ಬೀಳುತ್ತದೆ. ಹಾಗಾಗಬಾರದು ಎಂದೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಬೆಳಕು. ಡಿಜಿಟಲ್ ಸಿನಿಮಾಕ್ಕೆ 2005ರಲ್ಲಿ ಬಂದ ಡಿಸಿಐ (ಹಾಲಿವುಡ್ ಸ್ಟುಡಿಯೊಗಳ ಕೂಟ) ಮಾನದಂಡದ ಪ್ರಕಾರ ಪರದೆಯ ನಡುಭಾಗದಲ್ಲಿ ಬಿಳಿ ಬಣ್ಣ 48 ನಿಟ್ಸ್ (ಹೊಳಪಿನ ಅಳತೆ) ಹೊಳೆಯಬೇಕು. ಹಳೆಯ ಅಳತೆಯಲ್ಲಿ ಇದು 14 ಫುಟ್‌ಲ್ಯಾಂಬರ್ಟ್. ಡಿಐ ಸ್ಟುಡಿಯೊದಲ್ಲಿ ಬಣ್ಣ ತಿದ್ದುವವರು ಇಷ್ಟೇ ಹೊಳಪಿನ ಪರದೆಯ ಮುಂದೆ ಕೂತು, ರಾತ್ರಿ ದೃಶ್ಯದಲ್ಲಿ ಮುಖದ ಯಾವ ಭಾಗ ಎಷ್ಟು ಕಾಣಬೇಕು ಎಂದು ತೀರ್ಮಾನಿಸುತ್ತಾರೆ. ಹಲವು ಟಾಕೀಸುಗಳ ಪ್ರೊಜೆಕ್ಟರಿನಲ್ಲಿರುವುದು ಕ್ಸೆನಾನ್ ದೀಪ. ಉರಿದಷ್ಟೂ ಅದರ ಬೆಳಕು ಇಳಿಯುತ್ತಾ ಹೋಗುತ್ತದೆ. ದೀಪ ದುಬಾರಿಯಾದ್ದರಿಂದ ಅವಧಿ ಮುಗಿದ ಮೇಲೂ ಅದನ್ನೇ ಓಡಿಸುವವರಿದ್ದಾರೆ, ಬಾಳಿಕೆ ಹೆಚ್ಚಲಿ ಎಂದು ಕರೆಂಟ್ ತಗ್ಗಿಸಿ ಇಡುವವರೂ ಇದ್ದಾರೆ. ಇದರ ಜೊತೆಗೆ ಪ್ರೊಜೆಕ್ಷನ್ ರೂಮಿನ ಗಾಜಿನ ಮೇಲೆ ಕೂತ ಧೂಳು, ಹಳದಿಗಟ್ಟಿದ ಪರದೆ.

ಬೆಳಕು ಅರ್ಧಕ್ಕೆ ಇಳಿದರೂ ಹಗಲಿನ ದೃಶ್ಯ ಸುಮಾರಾಗಿ ಚೆನ್ನಾಗಿಯೇ ಕಾಣುತ್ತದೆ, ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ. ಹೊಡೆತ ಬೀಳುವುದು ರಾತ್ರಿ ದೃಶ್ಯಕ್ಕೆ. ಕತ್ತಲಲ್ಲಿರುವ ಮುಖದ ಬೆಳಕು ಮೊದಲೇ ಬಹಳ ಕಡಿಮೆ. ಅದೂ ಅರ್ಧವಾದರೆ ಬಾಗಿಲ ಸಂದಿಯಿಂದ, ‘ಹೊರಗೆ’ ಎಂಬ ಫಲಕದಿಂದ, ಮೆಟ್ಟಿಲ ದೀಪಗಳಿಂದ ಪರದೆಯ ಮೇಲೆ ಬೀಳುವ ಬೆಳಕಿನಲ್ಲಿ ಅದು ಕರಗಿ ಹೋಗುತ್ತದೆ. ಆಗ ಪರದೆ ಕಪ್ಪಾಗಿಯೂ ಕಾಣುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ನೀವು ನೋಡಿದ್ದು ಬೂದಿಯಂಥ ಕತ್ತಲೆಯೇ? ಹೌದಾದರೆ ಅದು ಕ್ಯಾಮೆರಾದ ತಪ್ಪಲ್ಲ.

ಇದನ್ನು ಸಿನಿಮಾ ಶುರುವಾಗುವ ಮೊದಲೇ ಪತ್ತೆ ಮಾಡಬಹುದು. ಶುರುವಿನಲ್ಲಿ ಕೆಲವು ಸೆಕೆಂಡು ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಆಗ ಹೆಚ್ಚಿನವರು ಮೊಬೈಲ್ ನೋಡುತ್ತಿರುತ್ತಾರೆ. ಅದು ಟಾಕೀಸನ್ನು ಅಳೆಯಲು ನಿಮಗೆ ಪುಕ್ಕಟೆಯಾಗಿ ಸಿಗುವ ಸಾಧನ. ತಿಳಿ ಬಣ್ಣದ ಹಾಳೆಯ ಮೇಲೆ ಸಣ್ಣ ಅಕ್ಷರ, ಅದರಲ್ಲಿ ಯಾವ ನಿರ್ದೇಶಕನ ಕಲೆಯೂ ಇಲ್ಲ. ನಡುವಿನ ಸಣ್ಣ ಅಕ್ಷರ ಚೂಪಾಗಿದೆಯೇ ನೋಡಿ, ಕೂಡಲೇ ಮೂಲೆಗಳ ಅಕ್ಷರ ನೋಡಿ. ನಡುವೆ ಚೂಪಾಗಿದ್ದು ಬಲಗಡೆ ಮಸುಕಾಗಿದ್ದರೆ ಲೆನ್ಸ್ ಸ್ವಲ್ಪ ವಾಲಿದೆ. ಎಲ್ಲ ಕಡೆ ಮಸುಕಾಗಿದ್ದರೆ ಫೋಕಸ್ ಹೋಗಿದೆ. ಹಾಳೆಯ ಅಂಚು ಮೇಲೆ ಅಗಲ, ಕೆಳಗೆ ಕಿರಿದಾಗಿ ಕಂಡರೆ ಪ್ರೊಜೆಕ್ಟರ್ ಓರೆಯಾಗಿ ಬೆಳಕು ಬಿಡುತ್ತಿದೆ. ನಡುಭಾಗ ಬೆಳ್ಳಗಿದ್ದು ಅಂಚುಗಳು ಎದ್ದು ಕಾಣುವಷ್ಟು ಮಂಕಾಗಿದ್ದರೆ ಅದು ತ್ರಿಡಿಗೆಂದು ಹಾಕಿಸಿದ ಸಿಲ್ವರ್ ಸ್ಕ್ರೀನ್ ಇರಬಹುದು, ಅಂಥ ಪರದೆಯಲ್ಲಿ ಸಾಲಿನ ಎರಡು ತುದಿಗಳಲ್ಲಿ ಕೂತವರಿಗೆ ಯಾವ ಸಿನಿಮಾವೂ ಸಮನಾಗಿ ಕಾಣುವುದಿಲ್ಲ. ಇನ್ನು ಹಾಳೆಯ ತಿಳಿ ಬಣ್ಣವೇ ಮಾಸಿದ ಪಂಚೆಯಂತೆ ಕಂಡರೆ ದೀಪ ಸೋತಿದೆ. ಮುಂದಿನ ಎರಡೂವರೆ ಗಂಟೆ ಬೆಳಕಿನ ಬಗ್ಗೆ ತೀರ್ಪು ಕೊಡುವ ಯೋಚನೆ ಬಿಟ್ಟುಬಿಡಿ.

ಸರ್ಟಿಫಿಕೇಟ್ ತಪ್ಪಿ ಹೋದರೆ ಸಿನಿಮಾದೊಳಗೇ ಇನ್ನೊಂದು ದಾರಿಯಿದೆ. ರಾತ್ರಿ ದೃಶ್ಯದಲ್ಲಿ ಚೌಕಟ್ಟಿನೊಳಗೆ ಎಲ್ಲಾದರೂ ಒಂದು ಬೆಳಕಿನ ಮೂಲ ಇರುತ್ತದೆ: ಬೀದಿ ದೀಪ, ಬೈಕಿನ ಹೆಡ್‌ಲೈಟು, ಅಂಗಡಿಯ ಟ್ಯೂಬ್‌ಲೈಟು. ಅದು ಕಣ್ಣು ಕುಕ್ಕುವಂತೆ ಬೆಳ್ಳಗಿದ್ದೂ ಪಕ್ಕದ ಮುಖ ಕತ್ತಲಲ್ಲಿದ್ದರೆ, ಛಾಯಾಗ್ರಾಹಕ ಬೇಕೆಂದೇ ಕತ್ತಲಲ್ಲಿಟ್ಟಿದ್ದಾನೆ. ಅದು ನಿಮಗೆ ಹಿಡಿಸದಿದ್ದರೆ ಧಾರಾಳವಾಗಿ ಬೈಯಿರಿ. ಹೆಡ್‌ಲೈಟೇ ಮಂಕಾಗಿ ಕಂಡರೆ ಪ್ರೊಜೆಕ್ಟರ್ ಮಂಕಾಗಿದೆ. ಸಿಗರೇಟ್ ಸೇದುವ ದೃಶ್ಯದಲ್ಲಿ ಕೆಳಗೆ ಬರುವ ಎಚ್ಚರಿಕೆಯ ಅಕ್ಷರಗಳಿಂದಲೂ ಇದೇ ಪರೀಕ್ಷೆ ಮಾಡಬಹುದು. ತ್ರಿಡಿ ಆಟದಲ್ಲಿ ಮಾತ್ರ ಯಾವ ಪರೀಕ್ಷೆಯೂ ಬೇಡ. ಕನ್ನಡಕದಾಚೆ ಕಣ್ಣಿಗೆ ತಲುಪುವುದು ಒಳ್ಳೆಯ ಟಾಕೀಸಿನಲ್ಲೂ ಮೂರನೇ ಒಂದು ಭಾಗದಷ್ಟು ಬೆಳಕು. ಕ್ಯಾಮೆರಾ ಕೆಲಸದ ಬಗ್ಗೆ ಮಾತಾಡಬೇಕಿದ್ದರೆ ಟೂಡಿ ಆಟಕ್ಕೇ ಹೋಗಿ.

ಈಗ ಮಾತು ತಿಳಿಯದ ವಿಷಯ. ಇಲ್ಲಿ ಕಾರಣಗಳು ಹೆಚ್ಚು, ಗೊಂದಲವೂ ಹೆಚ್ಚು.

5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರ್ ದಾರಿ ಮತ್ತು ಒಂದು ಸಬ್‌ವೂಫರ್ ದಾರಿಯ ಧ್ವನಿಯಲ್ಲಿ, ಪಾತ್ರಗಳ ಮಾತು ಬರುವುದು ಹೆಚ್ಚುಕಡಿಮೆ ಒಂದೇ ಸ್ಪೀಕರಿನಿಂದ, ಪರದೆಯ ಹಿಂದೆ ನಟ್ಟನಡುವೆ ಇರುವ ಸೆಂಟರ್ ಸ್ಪೀಕರಿನಿಂದ. ಪರದೆಯಲ್ಲಿ ಸಣ್ಣ ಸಣ್ಣ ತೂತುಗಳಿರುವುದು ಆ ಧ್ವನಿ ಹೊರಬರಲಿ ಎಂದೇ. ಸಂಗೀತ ಎಡ ಬಲಕ್ಕೆ ಹರಡುತ್ತದೆ, ಮಳೆ ಗಾಳಿ ಗೋಡೆಯ ಸರೌಂಡ್ ಸ್ಪೀಕರಿಗೆ ಹೋಗುತ್ತದೆ, ಗುಡುಗು ಗುಂಡು ಸಬ್‌ವೂಫರಿಗೆ. ಸೆಂಟರ್ ಸ್ಪೀಕರಿನ ಮೇಲ್ಧ್ವನಿ ಭಾಗ ಸುಟ್ಟು ಹೋಗಿದ್ದರೆ ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಮಾತಿನ ಸ್ಪಷ್ಟತೆ ನಿಂತಿರುವುದು ವ್ಯಂಜನಗಳ ಮೇಲೆ. ಸ, ಶ, ಚ, ತ ಇಂಥವುಗಳ ಗುರುತು ಇರುವುದು ಸುಮಾರು 2ರಿಂದ 8 ಕಿಲೋಹರ್ಟ್ಸ್ ನಡುವೆ. ಆ ಎತ್ತರದ ಧ್ವನಿಯ ಭಾಗ ಬಿದ್ದುಹೋದರೆ ‘ಸಾಕು’ ಎಂದದ್ದೋ ‘ಹಾಕು’ ಎಂದದ್ದೋ ಗೊತ್ತಾಗದೆ ಹೋಗುತ್ತದೆ. ಆಪರೇಟರ್ ಸೌಂಡ್ ಏರಿಸಿದರೂ ಇದು ಸರಿಹೋಗುವುದಿಲ್ಲ, ಗುಂಯ್‌ಗುಡುವುದು ಮಾತ್ರ ಹೆಚ್ಚುತ್ತದೆ.

ಎರಡನೆಯ ಕಾರಣ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ. ಮಾತು, ಸಂಗೀತ, ಸದ್ದುಗಳನ್ನು ಬೆರೆಸುವ ಮಿಕ್ಸಿಂಗ್ ಸ್ಟುಡಿಯೊದಲ್ಲಿ ಡಾಲ್ಬಿ ಪ್ರೊಸೆಸರ್ ಎಂಬ ಧ್ವನಿ ಯಂತ್ರದ ಫೇಡರ್ ಅಂಕಿ 7ರಲ್ಲಿರುತ್ತದೆ, ಮುಂದಿನ ಒಂದೊಂದು ಸ್ಪೀಕರೂ 85 ಡೆಸಿಬೆಲ್‌ಗೆ ಹೊಂದಿಸಿರುತ್ತದೆ. ಟಾಕೀಸಿನಲ್ಲಿ ಯಾರೋ ‘ಕಿವಿ ಒಡೆಯುತ್ತೆ’ ಎಂದು ದೂರಿದ ಕೂಡಲೇ ಅದು 5ಕ್ಕೆ, 4ಕ್ಕೆ ಇಳಿಯುತ್ತದೆ. ಒಂದು ಅಂಕಿ ಇಳಿದರೆ ಸುಮಾರು 3.3 ಡೆಸಿಬೆಲ್ ಇಳಿದಂತೆ. 7ರಿಂದ 4ಕ್ಕೆ ಬಂದರೆ 10 ಡೆಸಿಬೆಲ್, ಕಿವಿಗೆ ಸದ್ದು ಅರ್ಧವಾದ ಹಾಗೆ. ಫೈಟು, ಹಾಡುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಪಿಸುಮಾತಿನ ದೃಶ್ಯ ಫ್ಯಾನು, ಎಸಿ ಸದ್ದಿನಲ್ಲಿ ಮುಳುಗುತ್ತದೆ. ಇದರಲ್ಲಿ ಸಿನಿಮಾದವರ ಪಾಲೂ ಇದೆ ಎಂಬುದನ್ನು ಮರೆಯಬಾರದು. ಹೀರೊ ಎಂಟ್ರಿಯ ಹಿನ್ನೆಲೆ ಸಂಗೀತವನ್ನು ಮಿತಿಮೀರಿ ಜೋರಾಗಿ ಮಿಕ್ಸ್ ಮಾಡಿದ್ದರಿಂದಲೇ ಜನ ದೂರುತ್ತಾರೆ, ಆಪರೇಟರ್ ತಗ್ಗಿಸುತ್ತಾನೆ, ಕೊನೆಗೆ ಪೆಟ್ಟು ತಿನ್ನುವುದು ಮಾತು.

ಮೂರನೆಯದು ಕಟ್ಟಡ. ಗಾರೆ ಗೋಡೆಯ ಹಳೆಯ ದೊಡ್ಡ ಟಾಕೀಸಿನಲ್ಲಿ ಒಂದು ಮಾತಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಅರ್ಧ ಹಾಲ್ ಖಾಲಿಯಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಪ್ರತಿಧ್ವನಿಯನ್ನು ಹೀರುವುದರಲ್ಲಿ ಜನರ ಮೈ, ಬಟ್ಟೆಗಳದ್ದೂ ಪಾಲಿದೆ.

ಸಿನಿಮಾದ ತಪ್ಪೋ ಟಾಕೀಸಿನದೋ ಎಂದು ತಿಳಿಯಲು ಜಾಹೀರಾತು, ಟ್ರೇಲರುಗಳ ಮಾತಿಗೆ ಕಿವಿಗೊಡಿ. ಅವೆಲ್ಲ ಬೇರೆ ಬೇರೆ ಸ್ಟುಡಿಯೊಗಳಲ್ಲಿ ತಯಾರಾದವು. ಎಲ್ಲದರ ಮಾತೂ ಗೊಣಗಿದಂತೆ ಕೇಳಿದರೆ ಟಾಕೀಸಿನ ದೋಷ. ಅವು ಸ್ಪಷ್ಟವಾಗಿದ್ದು ಸಿನಿಮಾದ್ದು ಮಾತ್ರ ತಿಳಿಯದಿದ್ದರೆ ಮಿಕ್ಸಿಂಗಿನ ದೋಷ. ಒಬ್ಬ ನಟನ ಮಾತು ಮಾತ್ರ ತಿಳಿಯದಿದ್ದರೆ ಅವನ ಉಚ್ಚಾರಣೆಯದೋ ಡಬ್ಬಿಂಗಿನದೋ ದೋಷ. ಇನ್ನೊಂದು ಸಾಧ್ಯತೆಯೂ ಇದೆ: ನಿಮಗೆ ಪರಿಚಯವಿಲ್ಲದ ಸೀಮೆಯ ಕನ್ನಡ. ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರು, ವೃತ್ತಿ ನಟರಲ್ಲ, ಆಡಿದ್ದು ತಮ್ಮದೇ ಮಾತು. ಕರಾವಳಿಯವರಿಗೋ ಬೀದರಿನವರಿಗೋ ಅಲ್ಲಿನ ಕೆಲವು ಮಾತು ತಟ್ಟನೆ ಸಿಗದಿದ್ದರೆ ಅದು ಸೌಂಡಿನ ತಪ್ಪೂ ಅಲ್ಲ, ಸಿನಿಮಾದ ತಪ್ಪೂ ಅಲ್ಲ. ಹತ್ತು ನಿಮಿಷ ಕೊಟ್ಟರೆ ಕಿವಿ ಪಳಗುತ್ತದೆ.

ಡಬ್ಬಿಂಗ್ ಎಂದೆವಲ್ಲ, ನಟನೆಯ ಬಗ್ಗೆ ಬರೆಯುವ ಮುನ್ನ ಇದನ್ನು ಗಮನಿಸುವುದು ಬಹಳ ಮುಖ್ಯ. ನಮ್ಮಲ್ಲಿ ಎಷ್ಟೋ ಸಿನಿಮಾಗಳ ಮಾತನ್ನು ಚಿತ್ರೀಕರಣದ ನಂತರ ಸ್ಟುಡಿಯೊದಲ್ಲಿ ಮುದ್ರಿಸುತ್ತಾರೆ. ಹೊರ ರಾಜ್ಯದಿಂದ ಬಂದ ನಾಯಕಿಗೆ ಬೇರೊಬ್ಬರು ಧ್ವನಿ ಕೊಟ್ಟಿರುತ್ತಾರೆ. ‘ನಾಯಕಿಯ ನಟನೆ ಚೆನ್ನಾಗಿದೆ’ ಎಂದು ನೀವು ಬರೆದಾಗ ಅದರಲ್ಲಿ ಅರ್ಧ ಹೊಗಳಿಕೆ ಹೆಸರು ಗೊತ್ತಿಲ್ಲದ ಒಬ್ಬ ಕಂಠದಾನ ಕಲಾವಿದೆಗೆ ಸಲ್ಲಬೇಕಾದದ್ದು. ಕೊನೆಯ ಟೈಟಲ್ ಕಾರ್ಡಿನಲ್ಲಿ ‘ಕಂಠದಾನ’ ಎಂಬಲ್ಲಿ ಆ ಹೆಸರುಗಳಿರುತ್ತವೆ, ಎದ್ದು ಹೋಗುವ ಮುನ್ನ ನೋಡಿ. ತುಟಿ ಮತ್ತು ಮಾತು ಹೊಂದಿದೆಯೇ ಎಂದು ಪರೀಕ್ಷಿಸಲು ಪ, ಬ, ಮ ಅಕ್ಷರಗಳನ್ನು ಹಿಡಿಯಿರಿ. ಇವನ್ನು ತುಟಿ ಮುಚ್ಚದೆ ಹೇಳಲು ಬರುವುದಿಲ್ಲ. ಕ್ಲೋಸಪ್ಪಿನಲ್ಲಿ ‘ಅಮ್ಮ’ ಎಂದು ಕೇಳಿಸಿ ತುಟಿ ತೆರೆದೇ ಇದ್ದರೆ ನಟಿ ಸೆಟ್ಟಿನಲ್ಲಿ ಹೇಳಿದ್ದು ಬೇರೇನೋ ಮಾತು. ಬೇರೆ ಭಾಷೆಯಿಂದ ಡಬ್ ಆಗಿ ಬಂದ ಸಿನಿಮಾಗಳಲ್ಲಿ ಸಂಭಾಷಣೆ ಬರೆದವರು ಎಷ್ಟು ಕಷ್ಟಪಟ್ಟಿದ್ದಾರೆ ಎಂಬುದು ಈ ಮೂರು ಅಕ್ಷರಗಳಲ್ಲೇ ಗೊತ್ತಾಗುತ್ತದೆ.

ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು ಟಾಕೀಸಿನಿಂದಲೂ ಆಗುತ್ತದೆ. ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪರದೆಯಿಂದ 30 ಮೀಟರ್ ದೂರದ ಬಾಲ್ಕನಿಯ ಕೊನೆಯ ಸಾಲಿಗೆ ಹತ್ತಿರ ಹತ್ತಿರ 90 ಮಿಲಿಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದು ಫ್ರೇಮಿಗೆ 42 ಮಿಲಿಸೆಕೆಂಡ್, ಅಂದರೆ ಮಾತು ಎರಡು ಫ್ರೇಮ್ ತಡವಾಗಿ ತಲುಪುತ್ತದೆ. ಧ್ವನಿ ಹಿಂದೆ ಬಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ನಮಗೆ ಗೊತ್ತಾಗುವುದಿಲ್ಲ, ಮುಂದೆ ಬಂದರೆ 45 ಮಿಲಿಸೆಕೆಂಡಿಗೇ ಗೊತ್ತಾಗುತ್ತದೆ. ಧ್ವನಿ ತಡವಾಗುವಂತೆ ಪ್ರೊಜೆಕ್ಟರಿನ ಹೊಂದಾಣಿಕೆ ಚೂರು ತಪ್ಪಿದ್ದರೆ ಹಿಂದಿನ ಸಾಲಿನವರಿಗೇ ಮೊದಲು ಕಿರಿಕಿರಿಯಾಗುವುದು ಇದಕ್ಕೇ. ಟಾಕೀಸಿನ ತಪ್ಪಾದರೆ ಎಲ್ಲ ಪಾತ್ರಕ್ಕೂ, ಎಲ್ಲ ದೃಶ್ಯಕ್ಕೂ ಒಂದೇ ಅಂತರ ಇರುತ್ತದೆ. ಡಬ್ಬಿಂಗಿನ ತಪ್ಪಾದರೆ ಪಾತ್ರದಿಂದ ಪಾತ್ರಕ್ಕೆ, ಶಾಟಿನಿಂದ ಶಾಟಿಗೆ ಬದಲಾಗುತ್ತದೆ.

ಸೀಟಿನ ಬಗ್ಗೆ ಎರಡು ಮಾತು ಸಾಕು. ಪರದೆಯ ಅಗಲದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನೊಳಗಿನ ದೂರದಲ್ಲಿ, ಸಾಲಿನ ನಡುವೆ ಕೂತರೆ ಸಿನಿಮಾ ಮಾಡಿದವರು ಕೂತು ನೋಡಿದ ಜಾಗಕ್ಕೆ ಹತ್ತಿರ ಬರುತ್ತೀರಿ. ಸಾಮಾನ್ಯವಾಗಿ ಇದು ಹಾಲಿನ ಮೂರನೇ ಎರಡು ಭಾಗದ ಹಿಂದೆ ಬರುತ್ತದೆ. ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳು ಬೇಡ, ಅಲ್ಲಿ ಸದ್ದು ಅದುಮಿದಂತೆ ಕೇಳುತ್ತದೆ. ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವ ಸಂತೋಷವೇ ಬೇರೆ, ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ಮೊದಲ ದಿನದ ಮೊದಲ ಆಟದಲ್ಲಿ ಅಲ್ಲಿ ಕೂತವರು ಸಂಭಾಷಣೆಯ ಬಗ್ಗೆ ಬರೆಯುವುದು ಕಷ್ಟ.

ಇನ್ನು ‘ಲ್ಯಾಗ್’. ಈ ಒಂದು ಪದದಲ್ಲಿ ಮೂರು ನಾಲ್ಕು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಹೊರಗೆ ಬಂದ ಮೇಲೆ ನೆನಪಿಸಿಕೊಳ್ಳಿ: ನೀವು ಮೊದಲು ಮೊಬೈಲ್ ತೆಗೆದದ್ದು, ಇಲ್ಲವೇ ಗಡಿಯಾರ ನೋಡಿದ್ದು ಯಾವ ದೃಶ್ಯದಲ್ಲಿ? ಆ ಹೊತ್ತಿಗೆ ಕಥೆಯಲ್ಲಿ ‘ಮುಂದೇನು’ ಎಂದು ಕಾಯಿಸುವಂಥ ಪ್ರಶ್ನೆ ಯಾವುದಿತ್ತು? ಯಾವುದೂ ಇರಲಿಲ್ಲ ಎಂದಾದರೆ ಚಿತ್ರಕಥೆಯ ದೋಷ. ಥ್ರಿಲ್ಲರುಗಳಲ್ಲಿ ಇದು ಹೆಚ್ಚಾಗಿ ಇಂಟರ್ವಲ್ ಆದ ಕೂಡಲೇ ಆಗುತ್ತದೆ. ಕೊಲೆಗಾರ ಯಾರೆಂದು ಇಂಟರ್ವಲ್‌ಗೇ ನಮಗೆ ತೋರಿಸಿಬಿಡುತ್ತಾರೆ, ಆಮೇಲೆ ಇನ್‌ಸ್ಪೆಕ್ಟರ್ ಅದನ್ನೇ ಅರ್ಧ ಗಂಟೆ ಹುಡುಕುತ್ತಾನೆ. ನಮಗೆ ಗೊತ್ತಿರುವುದನ್ನು ಪಾತ್ರ ಕಂಡುಹಿಡಿಯುವುದನ್ನು ನೋಡುವಾಗ ಅಪಾಯದ ಭಯವಾದರೂ ಇರಬೇಕು, ಅದೂ ಇಲ್ಲದಿದ್ದರೆ ಎಷ್ಟು ಚುರುಕಾಗಿ ಎಡಿಟ್ ಮಾಡಿದರೂ ಎಳೆದಂತೆಯೇ ಇರುತ್ತದೆ. ಇನ್ನೊಂದು ಬಗೆ ಫ್ಲ್ಯಾಶ್‌ಬ್ಯಾಕಿನದು: ಎರಡು ಡೈಲಾಗಿನಲ್ಲಿ ನಾವಾಗಲೇ ಊಹಿಸಿಕೊಂಡ ಹಿಂದಿನ ಕಥೆಯನ್ನು ಇಪ್ಪತ್ತು ನಿಮಿಷ ಹಾಡಿನ ಸಮೇತ ತೋರಿಸುವುದು.

ಎಡಿಟಿಂಗಿನ ದೋಷ ಇದಕ್ಕಿಂತ ಬೇರೆ. ಜೀಪು ಬಂದು ನಿಲ್ಲುತ್ತದೆ, ಇನ್‌ಸ್ಪೆಕ್ಟರ್ ಇಳಿಯುತ್ತಾನೆ, ಗೇಟು ತೆಗೆಯುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಬೆಲ್ ಒತ್ತುತ್ತಾನೆ, ಆಮೇಲೆ ಮಾತು ಶುರು. ಪ್ರತಿ ದೃಶ್ಯವೂ ಹೀಗೆ ಬೇಕಾದ್ದಕ್ಕಿಂತ ಮೊದಲೇ ಶುರುವಾಗಿ, ಮಾತು ಮುಗಿದ ಮೇಲೂ ಮುಂದುವರಿದರೆ ಸಂಕಲನಕಾರರನ್ನು ಕೇಳಬೇಕು. ಹತ್ತು ಸೆಕೆಂಡಿನ ಇಂಥ ಸೇರ್ಪಡೆ ಅರವತ್ತು ದೃಶ್ಯಗಳಲ್ಲಿದ್ದರೆ ಹತ್ತು ನಿಮಿಷ ಹೋಯಿತು. ನಿಧಾನವಾಗಿದೆ ಎಂಬುದೇ ದೋಷವಲ್ಲ ಎಂಬ ಮಾತನ್ನೂ ಸೇರಿಸಬೇಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು, ಅದರಲ್ಲಿ ಓಟವಿಲ್ಲ. ಆದರೆ ಕಥೆಯನ್ನೆಲ್ಲ ನೋಡುತ್ತಾ ಹೋಗುವ ಹುಡುಗನ ಕಣ್ಣಿನಲ್ಲಿ ಮುಂದೇನು ಕಾಣಲಿದೆ ಎಂಬ ಆತಂಕ ಒಂದು ಗಳಿಗೆಯೂ ಬಿಡುವುದಿಲ್ಲ.

ಇಲ್ಲಿಯೇ ನಿಮ್ಮ ಮೂರನೆಯ ದೂರು ಎರಡನೆಯದಕ್ಕೆ ಗಂಟು ಬೀಳುವುದು. ಥ್ರಿಲ್ಲರಿನ ಫಸ್ಟ್ ಹಾಫಿನಲ್ಲಿ ಸುಳಿವುಗಳೆಲ್ಲ ಮಾತಿನಲ್ಲಿ ಬರುತ್ತವೆ, ಅದೂ ಮೆಲುದನಿಯಲ್ಲಿ. ಒಂದು ಹೆಸರು, ಒಂದು ತಾರೀಖು, ಒಂದು ಸಂಬಂಧ. ಅದು ಕಿವಿಗೆ ಬೀಳದಿದ್ದರೆ ಸೆಕೆಂಡ್ ಹಾಫಿನಲ್ಲಿ ಯಾರು ಯಾರ ಹಿಂದೆ ಏಕೆ ಓಡುತ್ತಿದ್ದಾರೆ ಎಂಬುದೇ ತಿಳಿಯದೆ ಎಲ್ಲವೂ ಎಳೆದಂತೆ ಅನಿಸುತ್ತದೆ. ಕೇಳಿಸದ ಮಾತು ಲ್ಯಾಗ್ ಆಗಿ ತೋರುತ್ತದೆ. ಟಿವಿಯಲ್ಲಿ ಎರಡನೆಯ ಸಲ ನೋಡಿದಾಗ ನಿಮಗೆ ಮಾತು ತಿಳಿಯಿತೇ? ಆಗಲೂ ಅದೇ ದೃಶ್ಯದಲ್ಲಿ ಬೇಸರವಾಯಿತೇ? ಹೌದಾದರೆ ನಿಮ್ಮ ಮೂರನೆಯ ದೂರು ಗಟ್ಟಿ, ಭಾವ ಏನೇ ಹೇಳಲಿ. ಬೇಸರವಾಗದಿದ್ದರೆ ಅದನ್ನೂ ಟಾಕೀಸಿನ ಖಾತೆಗೆ ಹಾಕಿ. ಒಂದು ಎಚ್ಚರಿಕೆ: ಒಟಿಟಿಯಲ್ಲಿ ಬರುವುದು ಯಾವಾಗಲೂ ಅದೇ ಪ್ರತಿಯಲ್ಲ. ಬಿಡುಗಡೆಯಾದ ಮೇಲೆ ಟ್ರಿಮ್ ಮಾಡುವುದು ನಮ್ಮಲ್ಲಿ ಸಾಮಾನ್ಯ. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಅವಧಿ ನಿಮಿಷಗಳಲ್ಲಿ ಇರುತ್ತದೆ, ಒಟಿಟಿಯಲ್ಲಿ ತೋರಿಸುವ ಅವಧಿಯೊಂದಿಗೆ ಹೋಲಿಸಿ.

ಟಿವಿಯಲ್ಲಿ ನೋಡಿ ತೀರ್ಪು ಕೊಡುವುದಾದರೆ ಮೊದಲು ಸೆಟ್ಟಿಂಗ್ ಸರಿಮಾಡಿ. ಅಂಗಡಿಯಿಂದ ತಂದ ಟಿವಿಯಲ್ಲಿ ಸಾಮಾನ್ಯವಾಗಿ ಮೋಷನ್ ಸ್ಮೂದಿಂಗ್ ಚಾಲೂ ಇರುತ್ತದೆ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಡುತ್ತದೆ: ಟ್ರೂಮೋಷನ್, ಮೋಷನ್‌ಫ್ಲೋ, ಆಟೋ ಮೋಷನ್ ಪ್ಲಸ್. ಸೆಕೆಂಡಿಗೆ 24 ಫ್ರೇಮ್ ಇರುವ ಸಿನಿಮಾದ ನಡುನಡುವೆ ಮೂಲದಲ್ಲಿ ಇಲ್ಲದ ಫ್ರೇಮುಗಳನ್ನು ಟಿವಿಯೇ ಸೃಷ್ಟಿಸಿ ತುಂಬುತ್ತದೆ. ಕೋಟಿಗಟ್ಟಲೆ ಹಾಕಿದ ಸಿನಿಮಾ ಸಂಜೆ ಧಾರಾವಾಹಿಯಂತೆ ಕಾಣುವುದು ಇದರಿಂದಲೇ. ನಿಮಗೆ ಮೂರನೆಯದೇ ಸಿನಿಮಾ ನೋಡಿದಂತೆ ಆದದ್ದಕ್ಕೆ ಮುಖ್ಯ ಕಾರಣ ಇದೇ ಇರಬಹುದು. ಅದನ್ನು ಆಫ್ ಮಾಡಿ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಮೊದಲ ಐದು ನಿಮಿಷ ಹಳದಿ ಹೊಡೆದಂತೆ ಕಾಣುತ್ತದೆ, ಆಮೇಲೆ ಚರ್ಮದ ಬಣ್ಣ ಸಹಜವಾಗುತ್ತದೆ. ಮಾತು ಸಣ್ಣಗೆ, ಸಂಗೀತ ಜೋರಾಗಿ ಕೇಳಿದರೆ ಆಪಿನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ. ಎರಡೇ ಸ್ಪೀಕರಿರುವ ಟಿವಿ ಆರು ದಾರಿಯ ಧ್ವನಿಯನ್ನು ತಾನೇ ಮಡಿಸುವಾಗ ಸೆಂಟರಿನ ಮಾತು ಕುಗ್ಗುವುದುಂಟು. 43 ಇಂಚಿನ ಟಿವಿಗೆ ಆರು ಅಡಿ, 55 ಇಂಚಿನದಕ್ಕೆ ಏಳೂವರೆ ಅಡಿ ದೂರ ಕೂತರೆ ಚೌಕಟ್ಟಿನ ಅಂಚಿನಲ್ಲಿ ನಿರ್ದೇಶಕರು ಏನಿಟ್ಟಿದ್ದಾರೆ ಎಂಬುದೂ ಕಾಣುತ್ತದೆ. 1.5 ವೇಗದಲ್ಲಿ ಓಡಿಸಿ ನೋಡಿದವರು ಲ್ಯಾಗ್ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಬಾರದು.

ಇಷ್ಟಾದ ಮೇಲೆ ನಾಲ್ಕು ಸಾಲು ಬರೆಯುವುದು ಸುಲಭ. ಎಲ್ಲಿ, ಯಾವ ಆಟ, ಎಲ್ಲಿ ಕೂತು ನೋಡಿದಿರಿ ಎಂಬುದನ್ನು ಅರ್ಧ ಸಾಲಿನಲ್ಲಿ ಹೇಳಿ. ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎನ್ನುವ ಬದಲು ಒಂದು ದೃಶ್ಯವನ್ನು ಹೆಸರಿಸಿ. ನಿಮ್ಮ ಥ್ರಿಲ್ಲರಿನ ಬಗ್ಗೆ ಹೀಗೆ ಬರೆಯಬಹುದಿತ್ತು: ‘ನಮ್ಮೂರ ಟಾಕೀಸು, ಸಂಜೆ ಆಟ, ಪರದೆ ಮಂಕು, ಹಾಗಾಗಿ ಕ್ಯಾಮೆರಾ ಬಗ್ಗೆ ಹೇಳಲಾರೆ. ಇಂಟರ್ವಲ್‌ವರೆಗೆ ಕೂರಿಸುತ್ತದೆ. ಆಮೇಲೆ ಬರುವ ಫ್ಲ್ಯಾಶ್‌ಬ್ಯಾಕ್ ನಮಗೆ ಗೊತ್ತಿರುವುದನ್ನೇ ಹೇಳುತ್ತದೆ, ಅಲ್ಲಿ ಬೇಸರವಾಯಿತು. ಖಳನ ಪಾತ್ರದವರ ಧ್ವನಿ ಬಹಳ ಹಿಡಿಸಿತು.’ ಇದನ್ನು ಓದಿದ ಸ್ನೇಹಿತರಿಗೆ ಹೋಗಬೇಕೋ ಬೇಡವೋ ಎಂಬುದು ತಿಳಿಯುತ್ತದೆ, ಹೋಗುವುದಾದರೆ ಯಾವ ಟಾಕೀಸಿಗೆ ಎಂಬುದೂ.

ಟಾಕೀಸಿನವರಿಗೂ ಹೇಳಿ, ಮುಗಿದ ಮೇಲೆ ಅಲ್ಲ, ಮೊದಲ ಹತ್ತು ನಿಮಿಷದಲ್ಲಿ. ಡಿಜಿಟಲ್ ಬಂದ ಮೇಲೆ ಎಷ್ಟೋ ಕಡೆ ಆಟ ತಾನಾಗಿ ಶುರುವಾಗುತ್ತದೆ, ಪ್ರೊಜೆಕ್ಷನ್ ರೂಮಿನಲ್ಲಿ ಯಾರೂ ಕೂತಿರುವುದಿಲ್ಲ, ಒಳಗೆ ಏನಾಗಿದೆ ಎಂದು ಯಾರಾದರೂ ಬಂದು ಹೇಳುವವರೆಗೆ ಅವರಿಗೆ ಗೊತ್ತಾಗುವುದಿಲ್ಲ. ‘ಸರಿಯಾಗಿ ಕಾಣ್ತಿಲ್ಲ’ ಎಂದರೆ ಕೆಲಸವಾಗದು. ‘ಬಲಗಡೆ ಫೋಕಸ್ ಇಲ್ಲ’, ‘ಮಾತಿನ ಸ್ಪೀಕರ್ ಬರ್ತಿಲ್ಲ, ಹಾಡು ಬರ್ತಿದೆ’, ‘ತ್ರಿಡಿ ಫಿಲ್ಟರ್ ತೆಗೆದಿಲ್ಲ ಅನ್ಸುತ್ತೆ, ನೋಡಿ’ (ತ್ರಿಡಿ ಆಟಕ್ಕೆ ಲೆನ್ಸಿನ ಮುಂದೆ ಇಡುವ ಇದು ಟೂಡಿ ಆಟದಲ್ಲೂ ಉಳಿದರೆ ಪರದೆ ಮಂಕಾಗುತ್ತದೆ) ಎಂದು ಹೇಳಿ. ಫೋಕಸ್, ಫೇಡರ್, ಫಿಲ್ಟರ್ ಮೂರೂ ಆಟ ನಿಲ್ಲಿಸದೆಯೇ ಸರಿಮಾಡಬಹುದಾದವು. ದೀಪ ಮತ್ತು ಸ್ಪೀಕರ್ ಅವತ್ತೇ ಸರಿಹೋಗುವುದಿಲ್ಲ, ಆ ಟಾಕೀಸಿನಲ್ಲಿ ಕತ್ತಲಿನ ಸಿನಿಮಾಗಳನ್ನು ಸದ್ಯಕ್ಕೆ ನೋಡಬೇಡಿ.